ದೋಣಿಯ ಡೀಸೆಲ್ ಎಂಜಿನ್: ಬಂದು ಹೋಗುವ ಸದ್ದು, ತಾಳ ತಪ್ಪುವ ಓಟ – ಪದೇ ಪದೇ ಕೇಳುವ ಪ್ರಶ್ನೆಗಳು

ಪೂರ್ತಿ ಕೆಟ್ಟು ನಿಂತ ಎಂಜಿನ್ ಒಂದು ಲೆಕ್ಕಕ್ಕೆ ವಾಸಿ. ಎಲ್ಲಿ ಕೈ ಹಾಕಬೇಕು ಅಂತ ಅದೇ ತೋರಿಸುತ್ತದೆ. ತಲೆ ತಿನ್ನುವುದು ಬಂದು ಹೋಗುವ ತೊಂದರೆ. ದಡ ಬಿಟ್ಟು ಅರ್ಧ ಗಂಟೆಗೆ ಟಕ್ ಟಕ್ ಶುರುವಾಗುತ್ತದೆ. ವಾಪಸ್ ಬಂದು ಮೆಕ್ಯಾನಿಕ್‌ರನ್ನು ಕರೆಸಿದರೆ ಎಂಜಿನ್ ಸಾಧು ಹಸುವಿನ ಹಾಗೆ ನಿಂತಿರುತ್ತದೆ.

ಇಲ್ಲಿನ ಉತ್ತರಗಳು ದೋಣಿಯ ಒಳಗೆ ಕೂರಿಸಿರುವ ನಾಲ್ಕು ಸ್ಟ್ರೋಕ್ ಡೀಸೆಲ್ ಎಂಜಿನ್‌ಗಳಿಗೆ, ಅದರಲ್ಲೂ ಮೆಕ್ಯಾನಿಕಲ್ ಪಂಪ್ ಇರುವ ಹಳೇ ಬಗೆಯವಕ್ಕೆ ಬರೆದದ್ದು. ಕಾಮನ್ ರೇಲ್ ಎಂಜಿನ್ (ಒಂದೇ ಪೈಪಿನಿಂದ ಎಲ್ಲ ಸಿಲಿಂಡರ್‌ಗೂ ಭಾರೀ ಒತ್ತಡದ ಡೀಸೆಲ್ ಹೋಗುವ, ಕಂಪ್ಯೂಟರ್ ನಡೆಸುವ ಹೊಸ ಬಗೆ) ಇರುವವರಿಗೆ ಕೆಳಗೆ ಬೇರೆ ಪ್ರಶ್ನೆ ಇದೆ. ಅದನ್ನು ಓದುವ ಮುಂಚೆ ಸ್ಪ್ಯಾನರ್ ಮುಟ್ಟಬೇಡಿ.

ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್‌ನಿಂದ. ಎಲ್ಲರೂ "ಸದ್ದು ಯಾವಾಗ ಬರುತ್ತದೆ" ಅಂತ ನೋಡುತ್ತಾರೆ. "ಯಾವಾಗ ಬರುವುದಿಲ್ಲ" ಅನ್ನುವುದೇ ಜಾಸ್ತಿ ಕೆಲಸಕ್ಕೆ ಬರುವ ಪ್ರಶ್ನೆ. ನ್ಯೂಟ್ರಲ್‌ನಲ್ಲಿ ಬರುವುದೇ ಇಲ್ಲ ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ನೋಡಬೇಕು, ಅಥವಾ ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವ ಎಂಜಿನ್ ತೊಂದರೆ ಇರಬೇಕು. ಬಿಸಿಯಾದ ಮೇಲೆ ಬರುವುದಿಲ್ಲ ಅಂದರೆ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಸಿಲಿಂಡರ್ ಬಿಸಿ ಮಾಡುವ ಕಡ್ಡಿ), ಪಿಸ್ಟನ್ ಸಡಿಲ, ಎಕ್ಸಾಸ್ಟ್ ಗ್ಯಾಸ್ಕೆಟ್ ಇಂಥವು. ಟ್ಯಾಂಕ್ ತುಂಬಿದ್ದಾಗ ಬರುವುದಿಲ್ಲ ಅಂದರೆ ಎಂಜಿನ್ ಬಿಟ್ಟು ಟ್ಯಾಂಕ್ ಹತ್ತಿರ ಹೋಗಿ.

ಹಾಗಾಗಿ ಪ್ರತಿ ಸಲ ಬರೆದಿಡಿ: ಆರ್‌ಪಿಎಂ ಎಷ್ಟು, ಗೇರ್ ಯಾವುದು, ಎಂಜಿನ್ ಶುರುವಾಗಿ ಎಷ್ಟು ಹೊತ್ತಾಯಿತು, ಟೆಂಪರೇಚರ್, ಆಯಿಲ್ ಪ್ರೆಶರ್, ಟ್ಯಾಂಕ್‌ನಲ್ಲಿ ಡೀಸೆಲ್ ಎಷ್ಟಿತ್ತು, ನೀರು ಶಾಂತವಾಗಿತ್ತೋ ಅಲೆ ಇತ್ತೋ. ನಾಲ್ಕೈದು ಸಲ ಬರೆದರೆ ಸಾಕು, ಏನೋ ಒಂದು ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫಿಲ್ಟರ್, ಬೆಲ್ಟ್, ನಾಝಲ್ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಎಲ್ಲ ಒಟ್ಟಿಗೆ ಬದಲಿಸಿ ಸದ್ದು ಹೋದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದು ತಿಂಗಳಿಗೆ ಮತ್ತೆ ಬಂದರಂತೂ ಮೊದಲಿನ ಜಾಗಕ್ಕೇ ವಾಪಸ್.

ಸದ್ದನ್ನು ಎಣಿಸಿದರೆ ಏನಾದರೂ ಗೊತ್ತಾಗುತ್ತದೆಯೇ?

ತುಂಬಾ ಗೊತ್ತಾಗುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ಸುತ್ತಿದರೆ ಒಂದು ಸಿಲಿಂಡರ್ ಒಂದು ಸಲ ಹೊಡೆಯುತ್ತದೆ. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಕೂಡ ಕ್ರ್ಯಾಂಕ್‌ನ ಅರ್ಧ ವೇಗದಲ್ಲೇ ತಿರುಗುತ್ತದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ಟ್ಯಾಪೆಟ್ (ಕ್ಯಾಮ್‌ನ ತಳ್ಳನ್ನು ವಾಲ್ವ್‌ಗೆ ಮುಟ್ಟಿಸುವ ಭಾಗ), ನಾಝಲ್ ಅಥವಾ ಒಂದೇ ಸಿಲಿಂಡರ್‌ಗೆ ಸೇರಿದ ಸದ್ದು ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಕೇಳುತ್ತದೆ. ಪಿಸ್ಟನ್, ಬೇರಿಂಗ್, ಫ್ಲೈವೀಲ್, ಮುಂದಿನ ಪುಲ್ಲಿ ಇವುಗಳ ಸದ್ದು ಸಾಮಾನ್ಯವಾಗಿ ಅದರ ಎರಡರಷ್ಟು, ಸೆಕೆಂಡಿಗೆ 13 ಸಲ. ಇದು ಕಿವಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ, ಗಡಗಡ ಅಂತ ಒಟ್ಟಿಗೆ ಕೇಳುತ್ತದೆ.

ಪ್ರೊಪೆಲ್ಲರ್ ಶಾಫ್ಟ್‌ನ ಲೆಕ್ಕ ಬೇರೆ. ಗೇರ್‌ಬಾಕ್ಸ್ ವೇಗವನ್ನು ಅರ್ಧಕ್ಕೆ ಇಳಿಸುವಂಥದ್ದಾದರೆ ಎಂಜಿನ್ 1800 ಇದ್ದಾಗ ಶಾಫ್ಟ್ 900. ಫೋನ್‌ನಲ್ಲಿ ರೆಕಾರ್ಡ್ ಮಾಡಿ ನಿಧಾನ ಮಾಡಿ ಕೇಳಿದರೆ ಎಣಿಸಬಹುದು. ಕಿವಿ ಚುರುಕಿಲ್ಲ ಅಂತ ಬೇಜಾರು ಬೇಡ, ಹತ್ತು ಸೆಕೆಂಡಿನ ರೆಕಾರ್ಡಿಂಗ್ ಸಾಕು.

ಒಂದು ಎಚ್ಚರ: ಇಲ್ಲಿ ಅರ್ಧ ವೇಗ ಎರಡು ಕಡೆ ಬಂತು ನೋಡಿ. ಕ್ಯಾಮ್‌ನದ್ದೂ ಅರ್ಧ, ಅಂಥ ಗೇರ್‌ಬಾಕ್ಸ್ ಇದ್ದರೆ ಶಾಫ್ಟ್‌ನದ್ದೂ ಅರ್ಧ. ನ್ಯೂಟ್ರಲ್‌ಗೆ ಹಾಕಿ. ಸದ್ದು ಉಳಿದರೆ ಕ್ಯಾಮ್ ಕಡೆ, ಹೋದರೆ ಶಾಫ್ಟ್ ಕಡೆ ಮೊದಲು ನೋಡಿ.

ಸದ್ದು ಯಾವ ಮೂಲೆಯಿಂದ ಬರುತ್ತಿದೆ ಅಂತ ಹೇಗೆ ಹಿಡಿಯುವುದು?

ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕೇಳಿ. ಮೆಕ್ಯಾನಿಕ್ ಸ್ಟೆಥೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ನಾಝಲ್‌ನಿಂದ ನಾಝಲ್‌ಗೆ, ಟ್ಯಾಪೆಟ್ ಕವರ್‌ನ ಉದ್ದಕ್ಕೆ, ವಾಟರ್ ಪಂಪ್, ಆಲ್ಟರ್ನೇಟರ್, ಗೇರ್‌ಬಾಕ್ಸ್ ಹೀಗೆ ಒಂದೊಂದೇ ಜಾಗ ಮುಟ್ಟುತ್ತಾ ಹೋಗಿ. ಗಾಳಿ ಸೋರುವ ಸದ್ದಿಗೆ ಸ್ಕ್ರೂಡ್ರೈವರ್ ಪ್ರಯೋಜನವಿಲ್ಲ. ಅದಕ್ಕೆ ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿ ಬಳಿ ಹಿಡಿದು ಇನ್ನೊಂದು ತುದಿಯನ್ನು ಆಡಿಸಬೇಕು.

ಕಬ್ಬಿಣ ಸದ್ದನ್ನು ದೂರ ಒಯ್ಯುತ್ತದೆ. ಅದಕ್ಕೇ ಒಂದು ಕಡೆ ಕೇಳಿ ತೀರ್ಮಾನಕ್ಕೆ ಬರಬೇಡಿ, ಅಕ್ಕಪಕ್ಕ ಹೋಲಿಸಿ ನೋಡಿ. ಸಡಿಲ ಅಂಗಿ, ಉದ್ದ ಕೂದಲು, ಕತ್ತಿನ ಸರ ಇವೆಲ್ಲ ಬೆಲ್ಟ್ ಹತ್ತಿರ ಬರಬಾರದು. ಬಗ್ಗಿ ಕೇಳುವಾಗ ಮರೆತೇ ಹೋಗುತ್ತದೆ.

ಐಡ್ಲಿಂಗ್‌ನಲ್ಲಿ ಎಂಜಿನ್ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಯಾಕೆ?

ಹತ್ತಕ್ಕೆ ಏಳೆಂಟು ಸಲ ಡೀಸೆಲ್ ಜೊತೆ ಗಾಳಿ ಹೋಗುತ್ತಿರುತ್ತದೆ. ಇದು ಲೆಕ್ಕ ಹಾಕಿದ್ದಲ್ಲ, ನನ್ನ ಅಂದಾಜು. ಗಾಳಿಯ ಗುಳ್ಳೆ ಬಂದಾಗ ಎಂಜಿನ್ ಸೊರಗುತ್ತದೆ, ಗವರ್ನರ್ (ವೇಗ ನೋಡಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಭಾಗ) ಗಾಬರಿಯಾಗಿ ಜಾಸ್ತಿ ಡೀಸೆಲ್ ಬಿಡುತ್ತದೆ. ಅಷ್ಟರಲ್ಲಿ ಗುಳ್ಳೆ ದಾಟಿ ಹೋಗಿ ಎಂಜಿನ್ ಹಾರುತ್ತದೆ. ಗವರ್ನರ್ ಮತ್ತೆ ಕಡಿಮೆ ಮಾಡುತ್ತದೆ. ಹೀಗೆ ಉಯ್ಯಾಲೆ.

"ಡೀಸೆಲ್ ಎಲ್ಲೂ ಸೋರುತ್ತಿಲ್ಲವಲ್ಲ, ಗಾಳಿ ಎಲ್ಲಿಂದ?" ಅಂತ ಎಲ್ಲರೂ ಕೇಳುತ್ತಾರೆ. ಟ್ಯಾಂಕ್‌ನಿಂದ ಲಿಫ್ಟ್ ಪಂಪ್‌ವರೆಗಿನ (ಟ್ಯಾಂಕ್‌ನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಪಂಪ್) ಪೈಪ್ ಎಳೆಯುವ ಪೈಪ್. ಅದರೊಳಗೆ ಹೊರಗಿನದಕ್ಕಿಂತ ಒತ್ತಡ ಕಡಿಮೆ. ಅಲ್ಲಿ ಸಣ್ಣ ಬಿರುಕು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ಎಂಜಿನ್ ಕೆಮ್ಮುವುದು ಹೀಗೆ. ಟ್ಯಾಂಕ್ ಎಂಜಿನ್‌ಗಿಂತ ಮೇಲಿದ್ದರೆ ಮಾತ್ರ, ಎಂಜಿನ್ ನಿಲ್ಲಿಸಿದ ಮೇಲೆ ಅದೇ ಜಾಗ ಒದ್ದೆಯಾಗುತ್ತದೆ. ಒಣಗಿದ ಕಾಗದ ಸುತ್ತಿಟ್ಟು ಬೆಳಿಗ್ಗೆ ನೋಡಿ.

ಮೊದಲು ನೋಡಬೇಕಾದ ಜಾಗಗಳು: ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್ (ಫಿಲ್ಟರ್ ಬದಲಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಇದೇ ಕಳ್ಳ), ನೀರು ಬಸಿಯುವ ಫಿಲ್ಟರ್‌ನ ತಳದ ನಲ್ಲಿ, ಬ್ಯಾಂಜೋ ಬೋಲ್ಟ್‌ನ (ಒಳಗಿನ ತೂತಿನಲ್ಲಿ ಡೀಸೆಲ್ ಹಾಯುವ ಬೋಲ್ಟ್) ತಾಮ್ರದ ವಾಷರ್, ಹೋಸ್ ಕ್ಲಿಪ್, ಲಿಫ್ಟ್ ಪಂಪ್‌ನ ಕೈ ಲಿವರ್ ಸುತ್ತ. ಗುಳ್ಳೆ ಕಣ್ಣಿಗೆ ಕಾಣಬೇಕು ಅಂದರೆ ಲಿಫ್ಟ್ ಪಂಪ್ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಬೆಂಕಿ ಬಿದ್ದರೆ ಅಂಥ ಪೈಪ್ ಮೊದಲು ಕರಗುತ್ತದೆ.

ಗಾಳಿ ಇಲ್ಲ ಅಂತ ಖಾತ್ರಿಯಾದರೆ ಆಮೇಲೆ ಗವರ್ನರ್ ಲಿಂಕ್ ಅಂಟಿಕೊಂಡಿದೆಯಾ, ಐಡ್ಲಿಂಗ್ ತೀರಾ ಕೆಳಗೆ ಇಟ್ಟಿದ್ದಾರಾ ಅಂತ ನೋಡಿ. ಅದಕ್ಕೂ ಮುಂಚೆ ಪಂಪ್ ಬಿಚ್ಚಿಸಬೇಡಿ.

ಡೀಸೆಲ್ ಕಡೆ ತೊಂದರೆಯೋ ಎಂಜಿನ್‌ನದೋ ಅಂತ ಖಾತ್ರಿ ಮಾಡಿಕೊಳ್ಳುವ ಸುಲಭ ದಾರಿ ಇದೆಯೇ?

ಇದೆ. ಒಂದೇ ಪರೀಕ್ಷೆ ಮಾಡುವಷ್ಟು ತಾಳ್ಮೆ ಇದ್ದರೆ ಇದನ್ನೇ ಮಾಡಿ. ಒಂದು ಕ್ಯಾನ್‌ನಲ್ಲಿ ಹೊಸ, ಶುದ್ಧ ಡೀಸೆಲ್ ತನ್ನಿ. ಟ್ಯಾಂಕ್ ಮತ್ತು ಮೊದಲ ಫಿಲ್ಟರ್ ಎರಡನ್ನೂ ಬಿಟ್ಟು, ಕ್ಯಾನ್‌ನಿಂದ ನೇರ ಲಿಫ್ಟ್ ಪಂಪ್‌ಗೆ ಹೊಸ ಪೈಪ್ ಕೊಡಿ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನ್‌ಗೆ ಬಿಡಿ. ಕ್ಯಾನ್ ಉರುಳದಂತೆ ಕಟ್ಟಿ. ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆದು ಒಂದು ಗಂಟೆ ಓಡಿಸಿ, ಸಾಧ್ಯವಾದರೆ ದೋಣಿಯನ್ನು ಬಲವಾಗಿ ಕಟ್ಟಿ ಗೇರ್‌ನಲ್ಲೇ ಓಡಿಸಿ.

ಎಂಜಿನ್ ನೆಟ್ಟಗೆ ಓಡಿತೋ, ತೊಂದರೆ ಟ್ಯಾಂಕ್, ಪೈಪ್ ಅಥವಾ ಮೊದಲ ಫಿಲ್ಟರ್‌ನಲ್ಲಿದೆ. ಹಾಗೇ ಕೆಮ್ಮಿದರೆ ಎರಡನೇ ಫಿಲ್ಟರ್, ಪಂಪ್, ನಾಝಲ್, ಇಲ್ಲವೇ ಸಿಲಿಂಡರ್ ಒಳಗಿನ ವಿಷಯ. ಅರ್ಧ ದಿನದ ಕೆಲಸ, ಆದರೆ ಅನುಮಾನ ಅರ್ಧಕ್ಕೆ ಇಳಿಯುತ್ತದೆ.

20 ನಿಮಿಷ ಚೆನ್ನಾಗಿ ಓಡಿ, ಸೊರಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ!

ಟ್ಯಾಂಕ್ ಒಳಗೆ ಏನೋ ತೇಲಾಡುತ್ತಿದೆ. ಎಲೆ ಚೂರು, ಪ್ಲಾಸ್ಟಿಕ್ ಸೀಲ್‌ನ ತುಂಡು, ಲೋಳೆ. ಎಂಜಿನ್ ಎಳೆಯುವಾಗ ಅದು ಮೆಲ್ಲಗೆ ಹೋಗಿ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆತ ನಿಲ್ಲುತ್ತದೆ, ಕಸ ಬಿದ್ದುಹೋಗುತ್ತದೆ, ನೀವು ಮತ್ತೆ ಸ್ಟಾರ್ಟ್ ಮಾಡುತ್ತೀರಿ. ಫಿಲ್ಟರ್ ಎಷ್ಟು ಸಲ ಬದಲಿಸಿದರೂ ಇದು ಹೋಗುವುದಿಲ್ಲ, ಯಾಕೆಂದರೆ ಕಸ ಫಿಲ್ಟರ್‌ವರೆಗೂ ಬಂದೇ ಇಲ್ಲ.

ಟ್ಯಾಂಕ್‌ನ ಗಾಳಿ ಪೈಪ್ ಕಟ್ಟಿಕೊಂಡರೂ ಇದೇ ಆಟ. ಡೀಸೆಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕಲ್ವಾ? ಹುಳ ಗೂಡು ಕಟ್ಟಿದರೆ, ಬಣ್ಣ ಬಳಿಯುವಾಗ ಬಾಯಿ ಮುಚ್ಚಿಹೋದರೆ ಟ್ಯಾಂಕ್ ಡೀಸೆಲ್‌ನ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ಸೊರಗುವಾಗ ಡೀಸೆಲ್ ತುಂಬುವ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ಸಿಕ್ಕಿಬಿದ್ದ ಹಾಗೆ.

ಫಿಲ್ಟರ್ ನಂತರ ಒಂದು ವ್ಯಾಕ್ಯೂಮ್ ಗೇಜ್ ಇದ್ದರೆ ಊಹೆಯೇ ಬೇಕಿಲ್ಲ. ಹೊಸ ಫಿಲ್ಟರ್ ಹಾಕಿದ ದಿನ ಅದು ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ಮುಳ್ಳು ಅದಕ್ಕಿಂತ ಮೇಲೆ ಹೋಗುತ್ತಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಮುಳ್ಳು ಏರಿಲ್ಲ, ಆದರೂ ಪೈಪ್‌ನಲ್ಲಿ ಗುಳ್ಳೆ ಇದೆ ಅಂದರೆ ಗಾಳಿ ಎಳೆಯುತ್ತಿದೆ.

ಅಲೆ ಜೋರಾದಾಗ ಮಾತ್ರ ಮಿಸ್ ಹೊಡೆಯುತ್ತದೆ. ಶಾಂತ ನೀರಿನಲ್ಲಿ ಏನೂ ಇಲ್ಲ.

ಟ್ಯಾಂಕ್ ತಳದ ಕೊಳೆ ಕದಡುತ್ತಿದೆ. ಡೀಸೆಲ್‌ಗೆ ಹೇಗೋ ನೀರು ಸೇರುತ್ತದೆ, ನೀರು ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆಯಾಗುತ್ತದೆ. ಸುಮ್ನೆ ನಿಂತಿದ್ದಾಗ ತಳದಲ್ಲೇ ಮಲಗಿರುತ್ತದೆ. ದೋಣಿ ಎದ್ದುಬಿದ್ದರೆ ಎಲ್ಲ ಮೇಲೆ ಬಂದು ಫಿಲ್ಟರ್‌ಗೆ ನುಗ್ಗುತ್ತದೆ. ಎಂಜಿನ್ ಕೈಕೊಡುವುದು ನಿಮಗೆ ಅದು ತೀರಾ ಬೇಕಾದ ಹೊತ್ತಿನಲ್ಲೇ.

ಡೀಸೆಲ್ ಕಡಿಮೆ ಇದ್ದರೆ ಇನ್ನೊಂದು ಕಾರಣ: ದೋಣಿ ವಾಲಿದಾಗ ಪೈಪಿನ ಬಾಯಿ ಡೀಸೆಲ್‌ನಿಂದ ಮೇಲೆ ಬಂದು ಗಾಳಿ ಕುಡಿಯುತ್ತದೆ. ಮೂರನೆಯದು ವೈರ್. ಅಲುಗಾಟಕ್ಕೆ ಸಡಿಲ ಕನೆಕ್ಷನ್ ಬಿಟ್ಟುಕೊಳ್ಳುತ್ತದೆ. ಅದು ಮುಂದಿನ ಪ್ರಶ್ನೆಗೆ ಸೇರಿದ್ದು.

ಎಂಜಿನ್ ನಿಂತ ರೀತಿಯಿಂದ ಕಾರಣ ಹೇಳಬಹುದೇ?

ಮುಕ್ಕಾಲು ಪಾಲು ಹೇಳಬಹುದು. ಸ್ವಿಚ್ ಆರಿಸಿದ ಹಾಗೆ ಥಟ್ಟನೆ ನಿಂತರೆ ಸ್ಟಾಪ್ ಸೊಲೆನಾಯ್ಡ್ (ಎಂಜಿನ್ ನಿಲ್ಲಿಸಲು ಡೀಸೆಲ್ ತಡೆಯುವ ಕರೆಂಟಿನ ಭಾಗ) ಮೇಲೆ ಅನುಮಾನ ಪಡಿ. ಕೆಲವು ಎಂಜಿನ್‌ಗಳಲ್ಲಿ ಕರೆಂಟ್ ಇದ್ದರೆ ಮಾತ್ರ ಡೀಸೆಲ್ ಹೋಗುತ್ತದೆ. ಒಂದು ಕ್ಷಣ ವೈರ್ ಬಿಟ್ಟರೂ ಆಟ ಮುಗಿಯಿತು. ಕೀ ಸ್ವಿಚ್ ಹಿಂದಿನ ಹಸಿರು ಕಟ್ಟಿದ ಟರ್ಮಿನಲ್, ಫ್ಯೂಸ್ ಹೋಲ್ಡರ್, ಅರ್ತ್ ವೈರ್ ಇವನ್ನು ಕೈಯಲ್ಲಿ ಅಲುಗಾಡಿಸಿ ನೋಡಿ.

ಸೊರಗಿ, ಏರಿಳಿದು, ಕೆಮ್ಮಿ ನಿಂತರೆ ಡೀಸೆಲ್ ಸಿಕ್ಕಿಲ್ಲ. ಕಪ್ಪು ಹೊಗೆ ಬಿಟ್ಟು ತಿಣುಕಿ ನಿಂತರೆ ಪ್ರೊಪೆಲ್ಲರ್‌ಗೆ ಹಗ್ಗವೋ ಬಲೆಯೋ ಸುತ್ತಿಕೊಂಡಿದೆ, ಇಲ್ಲವೇ ಎಂಜಿನ್‌ಗೆ ಗಾಳಿ ಸಿಕ್ಕಿಲ್ಲ. ನಿಂತ ಮೇಲೆ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಲು ಬರುತ್ತಿಲ್ಲ ಅಂದರೆ ಸ್ಟಾರ್ಟರ್ ಒತ್ತಬೇಡಿ. ಒಳಗೆ ನೀರು ಇರಬಹುದು.

ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಅನುಮಾನ. ಯಾವುದು ಅಂತ ಹೇಗೆ ತಿಳಿಯುವುದು?

ಹಳೇ ಉಪಾಯ ಈಗಲೂ ಒಳ್ಳೆಯದು. ಐಡ್ಲಿಂಗ್‌ನಲ್ಲಿ ಒಂದೊಂದೇ ನಾಝಲ್‌ಗೆ ಹೋಗುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಎಂಜಿನ್ ದನಿ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಅಂತ ಅರ್ಥ, ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಏನೂ ಬದಲಾಗಲಿಲ್ಲವೋ, ಅದೇ ಸೋಮಾರಿ. ನಟ್ಟಿನ ಸುತ್ತ ದಪ್ಪ ಬಟ್ಟೆ ಹಾಕಿ, ಕನ್ನಡಕ ಹಾಕಿಕೊಳ್ಳಿ, ಚಿಮ್ಮುವ ಜಾಗಕ್ಕೆ ಕೈ ಒಡ್ಡಬೇಡಿ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕಿದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ, ಒಳಗೆ ಮಾಂಸ ಸಾಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಟ್ಟು ಮುಟ್ಟಲು ಧೈರ್ಯವಿಲ್ಲದಿದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಮೊದಲ ಒಂದೆರಡು ನಿಮಿಷದಲ್ಲಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಕ್ಸಾಸ್ಟ್ ಹೊರಬರುವ ಜಾಗಗಳನ್ನು ನೋಡಿ. ಹೊಡೆಯದ ಸಿಲಿಂಡರ್ ತಣ್ಣಗಿರುತ್ತದೆ. ದೋಣಿ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಸುತ್ತ ನೀರು ಓಡುವುದರಿಂದ ವ್ಯತ್ಯಾಸ ಕಡಿಮೆ ಕಾಣುತ್ತದೆ. ಹೆಡ್‌ಗೆ ಅಂಟಿದಷ್ಟು ಹತ್ತಿರ ಅಳೆಯಿರಿ.

ಸೋಮಾರಿ ಸಿಕ್ಕಿದ ಮೇಲೆ ಅದರ ನಾಝಲ್‌ನ ಪಕ್ಕದ ಸಿಲಿಂಡರ್‌ಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ತಾಮ್ರದ ವಾಷರ್ ಹೊಸದೇ ಇರಲಿ. ತೊಂದರೆ ನಾಝಲ್ ಜೊತೆಗೆ ಹೋದರೆ ನಾಝಲ್ ರಿಪೇರಿ. ಅಲ್ಲೇ ಉಳಿದರೆ ವಾಲ್ವ್, ಕಂಪ್ರೆಶನ್ ಅಥವಾ ಪಂಪ್‌ನ ಆ ಭಾಗ. ಸ್ಟಾರ್ಟ್ ಮಾಡಿದ ಮೊದಲ ಒಂದು ನಿಮಿಷ ಮಾತ್ರ ಮಿಸ್ ಹೊಡೆದು ಆಮೇಲೆ ಸರಿಯಾದರೆ ಅಷ್ಟೆಲ್ಲ ಬೇಡ, ಮೊದಲು ಗ್ಲೋ ಪ್ಲಗ್ ನೋಡಿ.

ಟಕ್ ಟಕ್, ಡಬ್ ಡಬ್, ಚುಸ್ ಚುಸ್ – ಯಾವುದಕ್ಕೆ ಹೆದರಬೇಕು?

ತೆಳುವಾದ ಟಕ್ ಟಕ್ ಮೇಲಿನಿಂದ ಬಂದರೆ ಟ್ಯಾಪೆಟ್. ಕೈಪಿಡಿ ನೋಡಿ ಗ್ಯಾಪ್ ಸರಿ ಮಾಡಿ. ಅಂದಹಾಗೆ, ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದಷ್ಟು ಬಿಗಿಯಾದದ್ದು ಅಪಾಯ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. "ಎಷ್ಟು ಮೆತ್ತಗೆ ಓಡುತ್ತಿದೆ ನೋಡಿ" ಅಂತ ಬಿಗಿ ಮಾಡಿ ಕೊಡುವವರಿದ್ದಾರೆ, ಹುಷಾರು.

ಚುಸ್ ಚುಸ್ ಅಂದರೆ ಗಾಳಿ ಸೋರಿಕೆ. ನಾಝಲ್ ಬುಡದಲ್ಲಿ ಟಾರಿನಂಥ ಕಪ್ಪು ಮಸಿ ಕಟ್ಟಿದ್ದರೆ ಕೆಳಗಿನ ವಾಷರ್ ಹೋಗಿದೆ. ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ತಣ್ಣಗಿದ್ದಾಗ ಹೀಗೇ ಸದ್ದು ಬಂದು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಅಡಗುತ್ತದೆ. ಅಡಗಿತಲ್ಲ ಅಂತ ಬಿಡಬೇಡಿ. ಮುಚ್ಚಿದ ದೋಣಿಯೊಳಗೆ ಎಕ್ಸಾಸ್ಟ್ ಗ್ಯಾಸ್ ತುಂಬಿದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಗಟ್ಟಿ ಲೋಹದ ಕಟಕಟ ಒಂದೇ ಸಿಲಿಂಡರ್‌ನಿಂದ ಬಂದರೆ ನಾಝಲ್ ಸೂಜಿ ಅಂಟಿಕೊಂಡು ಡೀಸೆಲ್ ಸಿಂಪಡಿಸುವ ಬದಲು ಸುರಿಯುತ್ತಿರಬಹುದು. ಕೆಳಗಿನಿಂದ ಬರುವ ಮಂದವಾದ ಡಬ್ ಡಬ್ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು). ಇಲ್ಲೊಂದು ಮೋಸ ಇದೆ. ಆ ಸಿಲಿಂಡರ್‌ನ ನಟ್ಟು ಸಡಿಲಿಸಿದರೆ ಎರಡೂ ಸದ್ದು ಕಡಿಮೆಯಾಗುತ್ತವೆ. ಹಾಗಾಗಿ ಅಷ್ಟಕ್ಕೇ ಬೇರಿಂಗ್ ಅಂತ ಎಂಜಿನ್ ಬಿಚ್ಚಬಾರದು. ನಾಝಲ್ ಅದಲು ಬದಲು ಮಾಡಿ ನೋಡಿ. ಆಯಿಲ್ ಪ್ರೆಶರ್ ಬಿಸಿಯಲ್ಲಿ ಕುಸಿಯುತ್ತಿದೆಯಾ ನೋಡಿ. ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳಲ್ಲಿ ಹೊಳೆಯುವ ಚೂರು ಇದೆಯಾ ಹುಡುಕಿ. ಮುಂದಿನ ಕ್ರ್ಯಾಂಕ್ ಪುಲ್ಲಿ ಸಡಿಲವಾಗಿದ್ದರೂ ಥೇಟ್ ಬೇರಿಂಗ್ ಹೋದಂತೆಯೇ ಬಡಿಯುತ್ತದೆ. ಮೊದಲು ಆ ಬೋಲ್ಟ್ ನೋಡಿ.

ಐಡ್ಲಿಂಗ್‌ನಲ್ಲಿ ಗೇರ್‌ಬಾಕ್ಸ್ ಹತ್ತಿರ ಗಡಗಡ. ರೇಸ್ ಮಾಡಿದರೆ ಹೋಗುತ್ತದೆ. ಗೇರ್‌ಬಾಕ್ಸ್ ಹೋಯಿತೇ?

ಹೋಗಿರುವುದು ಬಹುಶಃ ಡ್ಯಾಂಪರ್ ಪ್ಲೇಟ್. ಫ್ಲೈವೀಲ್ ಮತ್ತು ಗೇರ್‌ಬಾಕ್ಸ್ ನಡುವೆ ಸ್ಪ್ರಿಂಗ್ ಇರುವ ತಟ್ಟೆ ಅದು. ಸ್ಪ್ರಿಂಗ್ ಸವೆದರೆ ಕಡಿಮೆ ವೇಗದಲ್ಲಿ ಬಡಿದಾಡುತ್ತದೆ. ಆದರೆ ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಒಳ್ಳೆಯ ಪ್ಲೇಟ್ ಕೂಡ ಗಡಗಡ ಅನ್ನುತ್ತದೆ. ಹಾಗಾಗಿ ಎಂಜಿನ್ ಓಟ ಸರಿ ಮಾಡಿದ ಮೇಲೇ ಗೇರ್‌ಬಾಕ್ಸ್ ಕೆಳಗಿಳಿಸಿ. ಐಡ್ಲಿಂಗ್‌ನ 50 ಆರ್‌ಪಿಎಂ ಏರಿಸಿದಾಗ ಸದ್ದು ಹೋದರೆ, ಕೈಪಿಡಿ ಹೇಳುವ ಮಿತಿಯೊಳಗೇ ಇದ್ದರೆ, ಸದ್ಯಕ್ಕೆ ಓಡಿಸಬಹುದು. ಪ್ಲೇಟ್ ಪೂರ್ತಿ ಮುರಿದರೆ ಎಂಜಿನ್ ಓಡುತ್ತದೆ, ದೋಣಿ ಓಡುವುದಿಲ್ಲ. ಅದನ್ನು ನೆನಪಿನಲ್ಲಿಟ್ಟು ಎಷ್ಟು ದೂರ ಹೋಗಬೇಕು ಅಂತ ನೀವೇ ತೀರ್ಮಾನಿಸಿ.

ಗೇರ್ ಹಾಕಿದಾಗ ಮಾತ್ರ ದೋಣಿ ನಡುಗುತ್ತದೆ.

ಮೊದಲು ನೀರಿನ ಕೆಳಗೆ ನೋಡಿ. ಮೀನಿನ ದಾರ, ಪಾಚಿ, ಚಿಪ್ಪು, ಬಾಗಿದ ರೆಕ್ಕೆ. ಒಂದು ರೆಕ್ಕೆಗೆ ಮಾತ್ರ ಚಿಪ್ಪು ಕಟ್ಟಿದರೂ ತೂಕ ತಪ್ಪುತ್ತದೆ. ಪ್ರೊಪೆಲ್ಲರ್ ಹತ್ತಿರ ಹೋಗುವ ಮುಂಚೆ ಎಂಜಿನ್ ನಿಲ್ಲಿಸಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಶಾಫ್ಟ್‌ನ ರಬ್ಬರ್ ಬೇರಿಂಗ್ ಸವೆದಿದೆಯಾ ಅಂತ ಪ್ರೊಪೆಲ್ಲರ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ.

ಆಮೇಲೆ ಮೌಂಟಿಂಗ್. ದೋಣಿಯನ್ನು ಮುಂದೆ ಹಿಂದೆ ಗಟ್ಟಿಯಾಗಿ ಕಟ್ಟಿ, ಇನ್ನೊಬ್ಬರು ಐಡ್ಲಿಂಗ್‌ನಲ್ಲೇ ಮುಂದಿನ ಗೇರ್, ನ್ಯೂಟ್ರಲ್, ಹಿಂದಿನ ಗೇರ್ ಹಾಕುತ್ತಿರಲಿ. ನೀವು ದೂರದಿಂದ ಟಾರ್ಚ್ ಬಿಟ್ಟು ನಾಲ್ಕು ಮೌಂಟಿಂಗ್ ನೋಡಿ. ಒಂದು ಮಾತ್ರ ಎಗರುತ್ತಿದ್ದರೆ ಅದರ ರಬ್ಬರ್ ಬಿಟ್ಟಿದೆ. ಡೀಸೆಲ್, ಆಯಿಲ್ ತೊಟ್ಟಿಕ್ಕುವ ಕಡೆಯದೇ ಸಾಮಾನ್ಯವಾಗಿ ಮೊದಲು ಮೆತ್ತಗಾಗುವುದು.

ಕೊನೆಗೆ ಅಲೈನ್‌ಮೆಂಟ್. ಗೇರ್‌ಬಾಕ್ಸ್ ಮತ್ತು ಶಾಫ್ಟ್ ಕಪ್ಲಿಂಗ್‌ನ ಬೋಲ್ಟ್ ತೆಗೆದು, ಎರಡೂ ಮುಖಗಳ ನಡುವಿನ ಸಂದನ್ನು ಮೇಲೆ, ಕೆಳಗೆ, ಎಡ, ಬಲ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. 100 ಮಿಲಿಮೀಟರ್ ಅಗಲದ ಕಪ್ಲಿಂಗ್‌ಗೆ ವ್ಯತ್ಯಾಸ 0.1 ಮಿಲಿಮೀಟರ್ ಒಳಗಿರಬೇಕು ಅನ್ನುವುದು ರೂಢಿಯ ಲೆಕ್ಕ. ಇದನ್ನು ದಡದ ಮೇಲೆ ಮಾಡಿ ಪ್ರಯೋಜನವಿಲ್ಲ. ನೀರಿಗಿಳಿದ ಮೇಲೆ ದೋಣಿಯ ಮೈ ಸ್ವಲ್ಪ ಬದಲಾಗುತ್ತದೆ. ಇಳಿಸಿ ಒಂದೆರಡು ದಿನ ಬಿಟ್ಟು ಅಳೆಯಿರಿ.

ಸರಿಯಾಗಿ 1400ರಲ್ಲಿ ಮಾತ್ರ ಸದ್ದು. 1300ರಲ್ಲೂ ಇಲ್ಲ, 1500ರಲ್ಲೂ ಇಲ್ಲ.

ಹಾಗಾದರೆ ಮುರಿದದ್ದಕ್ಕಿಂತ ಕಂಪಿಸುತ್ತಿರುವುದನ್ನು ಹುಡುಕಿ. ಪ್ರತಿ ತಗಡು, ಪೈಪ್, ಹಲಗೆಗೆ ತನ್ನದೇ ಒಂದು ಕಂಪನದ ವೇಗ ಇರುತ್ತದೆ. ಎಂಜಿನ್ ಆ ವೇಗ ಮುಟ್ಟಿದಾಗ ಅದು ಹಾಡುತ್ತದೆ. ಕ್ಲ್ಯಾಂಪ್ ಬಿಟ್ಟ ಎಕ್ಸಾಸ್ಟ್ ಹೋಸ್, ಬ್ಯಾಟರಿ ಪೆಟ್ಟಿಗೆ, ನೆಲದ ಹಲಗೆ ಇವನ್ನು ಒಂದೊಂದಾಗಿ ಉದ್ದನೆಯ ಕೋಲಿನಿಂದ ಒತ್ತಿ ಹಿಡಿದು ನೋಡಿ.

ನಾನೊಮ್ಮೆ ಇಂಥ ಸದ್ದಿಗೆ ಎರಡು ಭಾನುವಾರ ಕಳೆದೆ. ಟ್ಯಾಪೆಟ್ ಸರಿ ಮಾಡಿದೆ, ನಾಝಲ್ ಪರೀಕ್ಷೆಗೆ ಕಳಿಸಿದೆ. ಕೊನೆಗೆ ಎಂಜಿನ್ ಕೆಳಗೆ ಬಿದ್ದ ವಾಷರ್ ಹುಡುಕಲು ಕೈ ಹಾಕಿದಾಗ ಯಾವಾಗಲೋ ಕಳೆದುಹೋಗಿದ್ದ 13ರ ಸ್ಪ್ಯಾನರ್ ಸಿಕ್ಕಿತು. ಸದ್ದೂ ಅಲ್ಲಿಗೆ ನಿಂತಿತು.

ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಕೂಗುತ್ತದೆ.

ಬೆಲ್ಟ್. ಸ್ಟಾರ್ಟ್ ಆದ ಮೇಲೆ ಬ್ಯಾಟರಿ ತುಂಬಿಸಲು ಆಲ್ಟರ್ನೇಟರ್ ಜಾಸ್ತಿ ಭಾರ ಎಳೆಯುತ್ತದೆ, ಸಡಿಲ ಬೆಲ್ಟ್ ಜಾರುತ್ತದೆ. ಎಂಜಿನ್ ನಿಲ್ಲಿಸಿ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಸುತ್ತ ಕಪ್ಪು ಪುಡಿ ಉದುರಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ.

ಕೂಗು ಗರಗರ ಅಂತಿದ್ದರೆ ಯಾವುದೋ ಬೇರಿಂಗ್. ಬೆಲ್ಟ್ ತೆಗೆದು ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಬೆಲ್ಟ್ ಇಲ್ಲದೆ ಓಡಿಸಿ ನೋಡುವುದಾದರೆ ಅರ್ಧ ನಿಮಿಷದ ಮೇಲೆ ಬೇಡ, ಕೂಲಿಂಗ್ ಪಂಪ್ ಅದೇ ಬೆಲ್ಟ್‌ನಲ್ಲಿ ಇರಬಹುದು.

ಹೊಗೆಯ ಬಣ್ಣ ನೋಡಿ ಏನು ತಿಳಿಯಬಹುದು?

ಕಪ್ಪು: ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ: ಆಯಿಲ್ ಸುಡುತ್ತಿದೆ. ಬಿಳಿ ಹೊಗೆಯಲ್ಲಿ ಎರಡು ಜಾತಿ. ಬೇಗ ಕರಗಿ ಹೋದರೆ ಅದು ಆವಿ, ಚಳಿಯಲ್ಲಿ ಮಾಮೂಲು. ಆದರೆ ಕೂಲಿಂಗ್ ನೀರು (ದೋಣಿಯಲ್ಲಿ ಸಾಮಾನ್ಯವಾಗಿ ಅದು ಎಕ್ಸಾಸ್ಟ್ ಪೈಪಿಗೇ ಬಿದ್ದು ಹೊಗೆಯ ಜೊತೆ ಹೊರಗೆ ಹೋಗುತ್ತದೆ) ಕಡಿಮೆ ಬಿದ್ದರೂ ಆವಿ ಜಾಸ್ತಿಯಾಗುತ್ತದೆ. ನೀರಿನ ಮೇಲೆ ಹಾಗೇ ಹರಡಿಕೊಂಡು ಕಣ್ಣು ಉರಿಸಿದರೆ ಅದು ಸುಡದ ಡೀಸೆಲ್. ಹಿಂದೆ ನೀರಿನ ಮೇಲೆ ಬಣ್ಣದ ಪೊರೆಯೂ ಕಾಣುತ್ತದೆ.

ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಹೇಳಿದಷ್ಟು ಆರ್‌ಪಿಎಂ ಬರುತ್ತಿಲ್ಲ ಅನ್ನುವವರಿಗೂ ಹೊಗೆಯೇ ಉತ್ತರ. ಕಪ್ಪು ಹೊಗೆ ಇದ್ದರೆ ಭಾರ ಜಾಸ್ತಿ ಅಥವಾ ಗಾಳಿ ಸಾಲದು: ಪಾಚಿ ಹಿಡಿದ ದೋಣಿ, ಏರ್ ಫಿಲ್ಟರ್, ಮಸಿ ಮತ್ತು ಉಪ್ಪು ಕಟ್ಟಿದ ಎಕ್ಸಾಸ್ಟ್ ಎಲ್ಬೋ. ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ ಸಾಲದು. ಎಂಜಿನ್ ಕೋಣೆಯ ಮುಚ್ಚಳ ತೆರೆದಾಗ ಆರ್‌ಪಿಎಂ ಏರಿತು ಅಂದರೆ ಪಾಪ, ಅದಕ್ಕೆ ಉಸಿರು ಕಟ್ಟಿತ್ತು.

ಸ್ಟಾರ್ಟ್ ಆಗದಿದ್ದರೆ ಎಷ್ಟು ಹೊತ್ತು ಸ್ಟಾರ್ಟರ್ ತಿರುಗಿಸಬಹುದು?

ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ. ಅದಕ್ಕಿಂತ ಮುಖ್ಯವಾದದ್ದು ನೀರು. ಏರ್ ತೆಗೆಯುವಾಗ, ಪದೇ ಪದೇ ತಿರುಗಿಸುವಾಗ ಹೊರಗಿನ ನೀರು ಎಳೆಯುವ ವಾಲ್ವ್ ಮುಚ್ಚಿಡಿ. ಎಂಜಿನ್ ಹೊಡೆಯದಿದ್ದರೂ ಪಂಪ್ ನೀರು ತಳ್ಳುತ್ತಲೇ ಇರುತ್ತದೆ. ಅದನ್ನು ಹೊರಗೆ ದೂಡಲು ಎಕ್ಸಾಸ್ಟ್ ಒತ್ತಡ ಇರುವುದಿಲ್ಲ. ಮಫ್ಲರ್ ತುಂಬಿ ನೀರು ವಾಪಸ್ ಸಿಲಿಂಡರ್‌ಗೆ ಇಳಿಯುತ್ತದೆ. ಸಣ್ಣ ಏರ್ ಲಾಕ್ ಇದ್ದ ಎಂಜಿನ್ ಹೀಗೆ ಪೂರ್ತಿ ಹಾಳಾಗಬಹುದು. ಎಂಜಿನ್ ಹೊತ್ತಿಕೊಂಡ ತಕ್ಷಣ ವಾಲ್ವ್ ತೆರೆಯಿರಿ. ಮರೆಯದಿರಲು ಕೀಗೆ ಒಂದು ಚೀಟಿ ಕಟ್ಟಿ.

ಯಾವ ಸದ್ದು ಬಂದರೆ ಕೂಡಲೇ ನಿಲ್ಲಿಸಬೇಕು?

ಬಡಿತದ ಜೊತೆ ಆಯಿಲ್ ಪ್ರೆಶರ್ ಇಳಿದರೆ. ಇದ್ದಕ್ಕಿದ್ದಂತೆ ಲೋಹಕ್ಕೆ ಲೋಹ ಹೊಡೆದಂಥ ಸದ್ದು ಬಂದರೆ. ಎಕ್ಸಾಸ್ಟ್‌ನ ಬಳಬಳ ಹೋಗಿ ಪೊಳ್ಳು ಪೊಳ್ಳಾಗಿ, ಒಣಗಿದಂತೆ ಕೇಳಿದರೆ. ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ, ಯಾಕೆಂದರೆ ಅದು ಬಂದ ಸದ್ದಲ್ಲ, ಹೋದ ಸದ್ದು. ನೀರು ಬೀಳುತ್ತಿಲ್ಲ ಅಂತ ಅರ್ಥ. ಟೆಂಪರೇಚರ್ ಮುಳ್ಳು ಏಳುವ ಮೊದಲೇ ಕಿವಿಗೆ ಇದು ಗೊತ್ತಾಗುತ್ತದೆ.

ಆಯಿಲ್ ಕಡ್ಡಿ ತೆಗೆದು ನೋಡಿದಾಗ ಆಯಿಲ್ ಹಾಲು ಕಲಸಿದಂತಿದ್ದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿ, ತೆಳುವಾಗಿ, ಡೀಸೆಲ್ ವಾಸನೆ ಬಂದರೆ ಲಿಫ್ಟ್ ಪಂಪ್‌ನ ಡಯಾಫ್ರಮ್ ಹರಿದಿರಬಹುದು. ಎರಡರಲ್ಲೂ ಮತ್ತೆ ಸ್ಟಾರ್ಟ್ ಮಾಡಬೇಡಿ.

ನನ್ನದು ಕಾಮನ್ ರೇಲ್ ಎಂಜಿನ್. ಇದೇ ಪರೀಕ್ಷೆ ಮಾಡಬಹುದೇ?

ನಟ್ಟು ಸಡಿಲಿಸುವ ಪರೀಕ್ಷೆ ಬೇಡವೇ ಬೇಡ. ಅಲ್ಲಿನ ಒತ್ತಡ 1000 ಬಾರ್‌ಗಿಂತ ಮೇಲೆ, ಕೆಲವಲ್ಲಿ 2000ದ ಹತ್ತಿರ. ಟ್ಯಾಂಕ್, ಫಿಲ್ಟರ್, ಬೆಲ್ಟ್, ಮೌಂಟಿಂಗ್, ಪ್ರೊಪೆಲ್ಲರ್ ಕಡೆಯದೆಲ್ಲ ನಿಮಗೂ ಅನ್ವಯಿಸುತ್ತದೆ. ಎಂಜಿನ್ ಒಳಗಿನ ಮಿಸ್‌ಗೆ ಸ್ಕ್ಯಾನರ್ ಹಾಕಿಸಿ. ಅದಕ್ಕೂ ಮುಂಚೆ ಬ್ಯಾಟರಿ ವೋಲ್ಟೇಜ್ ಮತ್ತು ಕನೆಕ್ಟರ್‌ಗಳನ್ನು ನೋಡಿ. ಉಪ್ಪು ನೀರಿನ ಗಾಳಿಗೆ ಪಿನ್ ಹಸಿರಾದರೆ ಕಂಪ್ಯೂಟರ್‌ಗೆ ಸುಳ್ಳು ಸುದ್ದಿ ಹೋಗುತ್ತದೆ.

ಡೀಸೆಲ್‌ಗೆ ಔಷಧಿ ಸುರಿದರೆ ಸರಿಹೋಗುತ್ತದೆಯೇ?

ಟ್ಯಾಂಕ್‌ನ ಲೋಳೆ ಸಾಯಿಸುವ ಔಷಧಿ ಕೆಲಸ ಮಾಡುತ್ತದೆ. ಆದರೆ ಸತ್ತ ಲೋಳೆ ಎಲ್ಲಿಗೂ ಹೋಗುವುದಿಲ್ಲ, ಫಿಲ್ಟರ್‌ಗೇ ಬರುತ್ತದೆ. ಟ್ಯಾಂಕ್ ತೊಳೆಯದೆ ಸುರಿದರೆ ಮುಂದಿನ ಮೂರ್ನಾಲ್ಕು ಫಿಲ್ಟರ್ ಕೈಯಲ್ಲೇ ಇಟ್ಟುಕೊಳ್ಳಿ. ಸವೆದ ಬೇರಿಂಗ್‌ಗೆ, ಹರಿದ ಮೌಂಟಿಂಗ್‌ಗೆ ಬಾಟಲಿಯಲ್ಲಿ ಔಷಧಿ ಇಲ್ಲ.

ಮೆಕ್ಯಾನಿಕ್ ಬಂದಾಗ ಸದ್ದೇ ಬರದಿದ್ದರೆ?

ಸದ್ದು ಬಂದಾಗ ಫೋನ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆರ್‌ಪಿಎಂ ಮೀಟರ್ ಅದರಲ್ಲಿ ಕಾಣಲಿ, ಗೇರ್ ಯಾವುದು ಅಂತ ಬಾಯಲ್ಲೇ ಹೇಳಿ. ನೋಟ್‌ಬುಕ್ ಕೊಡಿ. ತಣ್ಣಗಿದ್ದಾಗ ಬರುವ ಸದ್ದಾದರೆ ಅವರು ಬರುವ ಮುಂಚೆ ಎಂಜಿನ್ ಓಡಿಸಬೇಡಿ. ಭಾರ ಬಿದ್ದಾಗ ಬರುವುದಾದರೆ ದಡದಲ್ಲಿ ನಿಂತು ಮಾತಾಡದೆ ಅವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ.

ಇನ್ನೊಂದು, ಮರ್ಯಾದೆಗೆ ಅಂತ ಎಂಜಿನ್ ತೊಳೆದು ಒರೆಸಿ ಇಡಬೇಡಿ. ನಾಝಲ್ ಬುಡದ ಮಸಿ, ಪೈಪಿನ ಮೇಲಿನ ಒದ್ದೆ ಗೆರೆ, ಬೆಲ್ಟ್ ಕೆಳಗಿನ ಕಪ್ಪು ಪುಡಿ ಇವನ್ನೇ ಅವರು ಟಾರ್ಚ್ ಹಿಡಿದು ಹುಡುಕುವುದು.